ಕತ್ತಲೆ ಕೋಣೆಯ ಸೇವಂತಿ

ಕಾತ್ರಜ, ಪುಣೆ

ತೀರ್ಥರೂಪು ಅತ್ತೆ ರುದ್ರವ್ವನವರ ಪಾದಗಳಿಗೆ ಸೊಸೆ ನೀತಾಳ ಶರಣು ಶರಣಾರ್ಥಿಗಳು.

ಸೇವಂತಿ ಹೂ ಬಿಟ್ಟಿದೆ. ಇದನ್ನು ಮಾಧುರಿಯಿಂದ ಓದಿಸಿಕೊಂಡ ಕೂಡಲೇ ನೀವು "ನೋಡವಾ, ನಾ ಬಂದಮ್ಯಾಲೇ ಅಲ್ಲಿ ಹೂ ಬಿಡ್ತು" ಎಂದು ಮಗಳ ಮುಂದೆ ಕಣ್ಣೊರೆಸಿಕೊಳ್ಳುತ್ತೀರಿ, ಗೊತ್ತು. ಫೋನಿನಲ್ಲಾದರೆ ನನಗೆ ಮಾತು ಮುಗಿಸಲು ಬಿಡುವುದಿಲ್ಲ. ಅದಕ್ಕೇ ಬರೆಯುತ್ತಿದ್ದೇನೆ.

ಸೇವಂತಿಗೆ ಮೊಗ್ಗು ಕಟ್ಟಲು ಉದ್ದನೆಯ ರಾತ್ರಿ ಬೇಕು. ಕತ್ತಲೆಯನ್ನು ಅಳೆಯುವುದು ಎಲೆ. ಕತ್ತಲೆ ಸಾಕಷ್ಟಾದರೆ ಎಲೆಯಲ್ಲೊಂದು ಹಾರ್ಮೋನು ಹುಟ್ಟಿ ಕುಡಿಗೆ ಹೋಗುತ್ತದೆ. ಇನ್ನು ಎಲೆ ಸಾಕು, ಹೂವಿಗೆ ಸಿದ್ಧವಾಗು ಎಂದು ಹೇಳುತ್ತದೆ. ಬೇಸಿಗೆಯ ಹಗಲು ಉದ್ದ. ಹಾಗಾಗಿ ನನ್ನ ಪಿಎಚ್‌ಡಿ ಗಿಡಗಳಿದ್ದ ಹಿಂದಿನ ಕೋಣೆಯ ಬಾಗಿಲು, ಕಿಟಕಿಗಳನ್ನು ಸಂಜೆಗೆ ಮೊದಲೇ ಮುಚ್ಚಿ ನಾನು ಟ್ಯೂಷನ್ ಹೇಳಲು ಹೋಗುತ್ತಿದ್ದೆ. ನೀವು ದಿನಾ ದೇವರ ಮುಂದೆ ದೀಪ ಹಚ್ಚಿದವರೇ ಆ ಕೋಣೆಯಲ್ಲೂ ಟ್ಯೂಬ್‌ಲೈಟ್ ಹಾಕಿ, ಊಟದ ಹೊತ್ತಿಗೆ ಆರಿಸುತ್ತಿದ್ದಿರಿ. ಗಿಡಗಳಿಗೆ ಹಗಲು ಮುಗಿಯಲೇ ಇಲ್ಲ. ಸೊಂಪಾಗಿ ಬೆಳೆದವು, ಒಂದೂ ಮೊಗ್ಗಿಲ್ಲ.

ಗೊತ್ತಾದ ದಿನ ನನಗೆ ಸಿಟ್ಟು ಬಂದದ್ದು ನಿಜ. ಯಾಕೆ ಹೀಗೆ ಮಾಡಿದಿರಿ ಎಂದು ಕೇಳಿದೆ. ನೀವು ತಲೆ ಎತ್ತಲಿಲ್ಲ. "ನಿಮ್ಮ ಮಾವ ಹೋದಾಗ ನನ್ನೂ ಹಿಂಗ ಕತ್ಲಿ ಖೋಲ್ಯಾಗ ಕುಂಡ್ರಿಸಿದ್ರವಾ. ಯಾರರ ಬಾಗಿಲಾ ತಗದು ಒಂದು ದೀಪಾ ಇಟ್ಟಾರೇನು ಅಂತ ಕಾಯ್ತಿದ್ದೆ. ಗಿಡಕ್ಕೂ ಜೀವ ಅದ ಅಲ್ಲೇನು?" ಎಂದಿರಿ. ಮರುದಿನವೇ ಮಾಧುರಿಯ ಹತ್ತಿರ ಹೋಗಲು ಜಮಖಂಡಿಯ ಬಸ್ಸು ಹತ್ತಿದಿರಿ.

ಅತ್ತೆ, ನನ್ನ ಒಂದು ಬೇಸಿಗೆ ಹಾಳಾಯಿತು. ಆಗಿಲ್ಲ ಎಂದು ಸುಳ್ಳು ಹೇಳುವುದಿಲ್ಲ. ಆದರೆ ನಿಮಗಾಗಿ ಯಾರೂ ಆ ಬಾಗಿಲು ತೆಗೆಯಲಿಲ್ಲ ಎಂಬುದನ್ನು ನೆನೆದರೆ ನನಗೆ ನಿದ್ದೆ ಹತ್ತುವುದಿಲ್ಲ. ರಾಂಜಣಗಾಂವದ ಕಾರ್ಖಾನೆಯಿಂದ ಬರುವ ದಾರಿಯಲ್ಲಿ ಬೈಕಿನಿಂದ ಬಿದ್ದು ನಿಮ್ಮ ಮಗ ಬಸವಪ್ರಭು ತೀರಿಕೊಂಡಾಗ, ವರ್ಷ ತುಂಬುವವರೆಗೆ ಸೊಸೆ ಹೊಸ್ತಿಲು ದಾಟಬಾರದು ಎಂದರು ನೆಂಟರು. ಮಗನನ್ನು ಮಣ್ಣಿಗಿಟ್ಟ ನೀವೇ ಎದ್ದು ನಿಂತಿರಿ. "ಆಕಿ ಕಾಲೇಜಿಗೆ ಹೋಗ್ತಾಳ" ಎಂದು ನನ್ನ ಕೈಗೆ ಚೀಲ ಕೊಟ್ಟಿರಿ. ನೀವು ಅಂದು ಸುಮ್ಮನಿದ್ದಿದ್ದರೆ ಹಾಳಾಗಲು ನನಗೆ ಓದೇ ಇರುತ್ತಿರಲಿಲ್ಲ.

ನೀವಿಲ್ಲದ ಈ ಎರಡು ತಿಂಗಳು ಸಂಜೆ ಮುಚ್ಚಿದ ಆ ಕೋಣೆಯನ್ನು ಬೆಳಗಾಗುವವರೆಗೆ ಯಾರೂ ತೆಗೆದಿಲ್ಲ, ಹೂ ಬಂತು. ಗಿಡಕ್ಕೆ ಕತ್ತಲೆ ಬೇಕಿತ್ತು, ಅಷ್ಟೇ. ನಿಮಗೂ ಬೇಕಿರಲಿಲ್ಲ, ನನಗೂ ಬೇಕಿಲ್ಲ. ಸಂಜೆ ಮನೆಗೆ ಬಂದರೆ ಮಾತಾಡಿಸುವವರಿಲ್ಲದೆ ಭಾಳ ಕಷ್ಟವಾಗುತ್ತಿದೆ.

ಭಾನುವಾರ ಬನ್ನಿ. ಬಸ್ಸು ನಿಲ್ಲುವಲ್ಲಿ ನಾನಿರುತ್ತೇನೆ. ನೋಡಬೇಕಾದದ್ದನ್ನೆಲ್ಲ ನೋಡಿ ಬರೆದುಕೊಂಡಾಗಿದೆ, ಹೂಗಳು ಇನ್ನು ನಮ್ಮವು. ಮಾವ ಹೋದಾಗಿನಿಂದ ನೀವು ಹೂ ಮುಡಿದಿಲ್ಲ. ನಿಮ್ಮ ಮಗ ಹೋದಾಗಿನಿಂದ ನಾನೂ ಮುಡಿದಿಲ್ಲ. ಒಂದನ್ನು ನಿಮ್ಮ ತುರುಬಿಗೆ ನಾನು ಮುಡಿಸುತ್ತೇನೆ, ಒಂದನ್ನು ನನಗೆ ನೀವು ಮುಡಿಸಿ. ಮೊದಲು ನಿಮಗೆ. ನೀವು ಬೇಡವೆಂದರೆ ನನಗೂ ಬೇಡ.

ಗುರುವಿನ ದಯೆಯಿಂದ ದಾರಿ ಸುಖವಾಗಲಿ.

ನಿಮ್ಮ ಕೈಯನ್ನು ತಲೆಯ ಮೇಲೆ ಬೇಡುವ ಮಗಳು,
ನೀತಾ