ಬೀಳೋ ಹಲ್ಲು

ಜುಲೈ ೧೧, ಗುರುವಾರ

ಪ್ರೀತಿಯ ಮಗಳಿಗೆ ಅಮ್ಮನ ಆಶೀರ್ವಾದಗಳು.

ನಿನ್ನ ಕಾಗದ ಬಂದು ತಿಂಗಳಾಯಿತು. ಉತ್ತರ ಬರೆಯದೆ ಸುಮ್ಮನಿದ್ದದ್ದು ನನ್ನದೇ ತಪ್ಪು, ಎಷ್ಟು ಬೇಕೋ ಅಷ್ಟು ಬೈದುಕೋ. ಫೋನು ಮಾಡಬಹುದಿತ್ತಲ್ಲ ಎನ್ನಬೇಡ. ಫೋನಿನಲ್ಲಿ ನೀನು ಅರ್ಧ ಮಾತಿಗೇ "ಆಯ್ತಮ್ಮ, ಇಡ್ತೀನಿ" ಅನ್ನುತ್ತೀಯ. ಕಾಗದದ ಬಾಯಿ ಮುಚ್ಚಿಸುವುದು ಅಷ್ಟು ಸುಲಭವಲ್ಲ.

ನನ್ನ ಮಂಡಿನೋವು ಹಾಗೇ ಇದೆ. ಶಾಲೆಯ ಗಂಟೆ ಹೊಡೆಯುವುದು, ಕಸ ಗುಡಿಸುವುದು, ಪುಟಾಣಿಗಳ ಮೂಗು ಒರೆಸುವುದು ಎಲ್ಲ ನಡೆದಿದೆ. ಹೊಸ ಸುದ್ದಿ ಎಂದರೆ, ನಾಲ್ಕು ದಿನ ನಮ್ಮ ಶಾಲೆಗೆ ಹಲ್ಲಿನ ಆಸ್ಪತ್ರೆಯಿಂದ ಒಬ್ಬ ನರ್ಸು ಬಂದಿದ್ದಳು. ನಿನಗಿಂತ ಚಿಕ್ಕವಳು. ಮಕ್ಕಳು ಮೊದಲ ದಿನವೇ "ಹಲ್ಲಕ್ಕ" ಎಂದು ಹೆಸರಿಟ್ಟುಬಿಟ್ಟವು.

ಅವಳ ಕೆಲಸ ನೋಡಬೇಕಿತ್ತು ನೀನು! ಎರಡು ಬೆಂಚು ಜೋಡಿಸಿ, ಚಾಪೆ ಹಾಸಿ, ಅದನ್ನೇ ಆಸ್ಪತ್ರೆ ಮಾಡಿಕೊಂಡಳು. ಟಾರ್ಚು ಹಿಡಿಯುವ ಕೆಲಸ ನನಗೆ. "ಗಂಟೆ ಹೊಡೆದ ಕೈ ಆಯಮ್ಮ ನಿಮ್ದು, ಅಲ್ಲಾಡಲ್ಲ" ಎಂದು ಬೆಣ್ಣೆ ಹಚ್ಚಿದಳು. ಮಗು ಬಂದೊಡನೆ ಬಾಯಿ ತೆರೆ ಎನ್ನುತ್ತಿರಲಿಲ್ಲ. ಪುಟ್ಟ ಕನ್ನಡಿ ಅದರ ಕೈಗೇ ಕೊಟ್ಟು, "ಮೊದ್ಲು ನೀನು ನನ್ನ ಹಲ್ಲು ಎಣಿಸು" ಎಂದು ತಾನೇ ಬಾಯಿ ತೆರೆದು ಕೂರುತ್ತಿದ್ದಳು. ಒಬ್ಬಳಂತೂ "ಅಕ್ಕಾ, ನಿಮ್ಗೂ ಒಂದು ಕಪ್ಪಾಗಿದೆ!" ಎಂದು ಕಿರುಚಿದಳು. "ಹೌದು ಕಣೇ, ನಾನು ನಿನ್ನಷ್ಟಿದ್ದಾಗ ನೋಡೋರು ಯಾರೂ ಇರ್ಲಿಲ್ಲ" ಎಂದಳು ಹಲ್ಲಕ್ಕ. ಯಾವ ತಾಯಿಗೂ ಒಂದು ಬಿರುನುಡಿ ಆಡಲಿಲ್ಲ. ನಾನಾಗಿದ್ದರೆ ಹತ್ತು ಜನರ ಜನ್ಮ ಜಾಲಾಡಿಸುತ್ತಿದ್ದೆ.

ಎರಡನೇ ದಿನ ಒಂದು ಮಗುವಿನ ಬಾಯಿಯ ಹಿಂಬದಿ ತೋರಿಸಿ, "ಇದನ್ನ ಮುಚ್ಚಿ ಕಾಪಾಡ್ಬೇಕು" ಎಂದಳು. ನಾನು ಎಲ್ಲ ತಿಳಿದವಳ ಹಾಗೆ, "ಬೀಳೋ ಹಲ್ಲಲ್ವೇನಮ್ಮ ಅದು?" ಎಂದೆ.

"ಅಲ್ಲ ಆಯಮ್ಮ. ಎಲ್ರೂ ಹಾಗೇ ಅನ್ಕೋತಾರೆ. ಆರು ವರ್ಷಕ್ಕೆ ಹಾಲುಹಲ್ಲುಗಳ ಹಿಂದೆ ಸದ್ದಿಲ್ದೆ ಬಂದು ಕೂತ್ಕೊಳ್ಳುತ್ತೆ. ಯಾವ ಹಲ್ಲೂ ಬೀಳದೆ ಬರೋದ್ರಿಂದ ಯಾರಿಗೂ ಗೊತ್ತಾಗಲ್ಲ. ಇದು ಹೋದ್ರೆ ಹೋಯ್ತು, ಇನ್ನೊಂದು ಬರಲ್ಲ."

ಟಾರ್ಚು ಅಲ್ಲಾಡಿತು. "ಬೆಳಕು ಇಲ್ಲಿ ಆಯಮ್ಮ" ಎಂದಳು.

ಹಲ್ಲು ತೊಳೆದು, ಹತ್ತಿಯಲ್ಲಿ ಒಣಗಿಸಿ, ಅದರ ಗೀರುಗಳಿಗೆ ಒಂದು ಲೇಪ ಹಚ್ಚಿ, ನೀಲಿ ಬೆಳಕು ಹಿಡಿದು ಇಪ್ಪತ್ತು ಎಣಿಸಿದರೆ ಮುಗಿಯಿತು. ನೋವಿಲ್ಲ, ಸೂಜಿಯಿಲ್ಲ. ಸಾಲಿನಲ್ಲಿ ನಿಂತವರೆಲ್ಲ ಒಟ್ಟಿಗೆ ಎಣಿಸುವುದು ಬೀದಿಯವರೆಗೂ ಕೇಳುತ್ತಿತ್ತು. ಹದಿಮೂರಾದ ಮೇಲೆ ಎಡವುತ್ತಿದ್ದವೂ ಈಗ ಇಪ್ಪತ್ತು ಮುಟ್ಟುತ್ತವೆ, ಟೀಚರಿಗೆ ಅದೇ ದೊಡ್ಡ ಖುಷಿ.

ಒಂದು ಹುಡುಗಿಯ ಒಪ್ಪಿಗೆ ಚೀಟಿ ಮಾತ್ರ ಸಹಿಯಿಲ್ಲದೆ ವಾಪಸು ಬಂತು. ಅವಳಮ್ಮ ಬಟ್ಟೆ ಕಾರ್ಖಾನೆಯಲ್ಲಿ ಗುಂಡಿ ಹೊಲಿಯುವವಳು. "ಬೀಳೋ ಹಲ್ಲಿಗೆ ಇಷ್ಟೆಲ್ಲಾ ಉಪಚಾರ ಯಾಕೆ?" ಎಂದಳಂತೆ. ಕೊನೆಯ ದಿನ ಹಲ್ಲಕ್ಕ ಪೆಟ್ಟಿಗೆ ಕಟ್ಟುವ ಹೊತ್ತಿಗೆ ಆ ಹುಡುಗಿ ಕಿಟಕಿಗೆ ಮೂಗು ಒತ್ತಿಕೊಂಡು ನಿಂತಿದ್ದಳು. ನನಗೆ ತಡೆಯಲಾಗಲಿಲ್ಲ. ಚೀಟಿ ಕಿತ್ತುಕೊಂಡು, ಈ ಹಾಳು ಮಂಡಿ ಎಳೆದುಕೊಂಡು, ಕಾರ್ಖಾನೆಯ ಗೇಟಿಗೇ ಹೋದೆ. ಊಟದ ಬಿಡುವಿಗೆ ಹೊರಬಂದ ಗುಂಡಿಯವಳನ್ನು ಹಿಡಿದು ನಿಲ್ಲಿಸಿ ಐದು ನಿಮಿಷ ಮಾತಾಡಿದೆ. ಅವಳು ಪೆನ್ನು ತೆಗೆದುಕೊಂಡು ಗೋಡೆಗೆ ಚೀಟಿ ಒತ್ತಿ ಸಹಿ ಹಾಕಿದಳು. ನಾನು ಶಾಲೆಗೆ ಮರಳುವಾಗ ಹಲ್ಲಕ್ಕ ಪೆಟ್ಟಿಗೆಯನ್ನು ಮತ್ತೆ ಬಿಚ್ಚಿಟ್ಟುಕೊಂಡು ಕಾಯುತ್ತಿದ್ದಳು. "ನೀವು ಸಹಿ ತರ್ದೆ ವಾಪಸ್ ಬರೋರಲ್ಲ ಅಂತ ಗೊತ್ತಿತ್ತು" ಎಂದಳು. ಆ ಸಲ ಇಪ್ಪತ್ತರವರೆಗೆ ನಾನೂ ಎಣಿಸಿದೆ.

ನಮ್ಮ ಮೊಮ್ಮಗಳಿಗೆ ಮುಂದಿನ ತಿಂಗಳು ಆರು ತುಂಬುತ್ತದೆ. ಅವಳ ಬಾಯಿಯ ಹಿಂಬದಿ ನೋಡು. ಹಲ್ಲಿನ ಡಾಕ್ಟರ ಹತ್ತಿರ ಕರೆದುಕೊಂಡು ಹೋಗು, ನಾಳೆ ನಾಡಿದ್ದು ಎನ್ನಬೇಡ. ಅಳಿಯಂದಿರನ್ನು ಕೇಳಿದೆನೆಂದು ಹೇಳು. ಎಲ್ಲರೂ ನಗುನಗುತ್ತಾ ಇರಿ.

ಇತಿ,
ನಿನ್ನ ಅಮ್ಮ

ಮರೆತೆ ಎಂದುಕೊಳ್ಳಬೇಡ, ಬರೆಯಲು ಧೈರ್ಯ ಬರಲಿಲ್ಲ: ಗೇಟಿನಲ್ಲಿ ಗುಂಡಿಯವಳಿಗೆ ನಾನು ಹೇಳಿದ್ದು ನಿನ್ನ ಕಥೆ. ಆಗ ನಿನಗೆ ಏಳು ವರ್ಷ. ಹಿಂದಿನ ಹಲ್ಲು ನೋವೆಂದು ನೀನು ಮೂರು ದಿನ ಅತ್ತಿದ್ದೆ. "ಹಾಲುಹಲ್ಲು, ಕಿತ್ತರೆ ಹೊಸದು ಬರುತ್ತೆ" ಎಂದು ನಾನೇ ನಿನ್ನ ಕೈ ಹಿಡಿದುಕೊಂಡು ಕೀಳಿಸಿದೆ. ಆಮೇಲೆ ದಿನಾ ಬೆಳಿಗ್ಗೆ ನೀನು ಬಾಯಿ ತೆರೆದು "ಬಂತಾ ಅಮ್ಮಾ?" ಎಂದು ಕೇಳುತ್ತಿದ್ದೆ. "ನಾಳೆ ಬರುತ್ತೆ" ಎನ್ನುತ್ತಿದ್ದೆ ನಾನು. ಒಂದು ದಿನ ನೀನು ಕೇಳುವುದನ್ನು ಬಿಟ್ಟೆ. ಮರೆತಳು ಎಂದು ನಾನು ನಿರಾಳವಾದೆ. ಕಳೆದ ಸಲ ಬಂದಾಗ ನೋಡಿದೆ, ನೀನು ಇವತ್ತಿಗೂ ಆ ಬದಿಯಲ್ಲಿ ಅಗಿಯುವುದಿಲ್ಲ. ಅದು ಮತ್ತೆ ಬರುವ ಹಲ್ಲಾಗಿರಲಿಲ್ಲ, ಮಗಳೇ. ಉತ್ತರ ಕೊಡುವುದು ತಡವಾಯಿತು.