ಅಪ್ಪ ಓಡಿಸಿದ ಫಿಯೆಟ್ಟು

ಚಳ್ಳಕೆರೆ
9-12-1997, ಮಂಗಳವಾರ

ಪ್ರೀತಿಯ ಅಣ್ಣನಿಗೆ,

ಜೋಧಪುರದಲ್ಲಿ ಚಳಿ ಶುರುವಾಗಿರಬೇಕು. ಕೆಮ್ಮು ಕಡಿಮೆಯಾಯಿತೇ? ಮಿಲಿಟರಿಯವರು ಕೊಟ್ಟ ಕಂಬಳಿ ಸಾಲದಿದ್ದರೆ ಬರೆ, ಇಲ್ಲಿಂದ ಒಂದು ಕರಿ ಕಂಬಳಿ ಕಳಿಸುತ್ತೇವೆ. ಅವ್ವನ ಮಂಡಿ ನೋವು ಹಾಗೇ ಇದೆ, ಮಾತೂ ಹಾಗೇ ಇದೆ. ನಾನು ಚೆನ್ನಾಗಿದ್ದೇನೆ, ಬಲಗೈ ಅಂಗೈಯಲ್ಲಿ ಮಾತ್ರ ಬೊಬ್ಬೆ ಎದ್ದಿರುವುದರಿಂದ ಅಕ್ಷರ ವಕ್ರವಾಗಿದೆ. ಬೊಬ್ಬೆ ಯಾಕೆ ಎದ್ದಿತು ಅನ್ನುವುದೇ ಈ ಕಾಗದದ ಸುದ್ದಿ.

ಹೋದ ವರ್ಷ ನೀನು ರಜೆ ಮುಗಿಸಿ ರೈಲು ಹತ್ತಿದಾಗ ನಮ್ಮ ಫಿಯೆಟ್ಟು ಹೇಗಿತ್ತು, ನೆನಪು ಮಾಡಿಕೋ. ರಾಯದುರ್ಗದಿಂದ ಟ್ರಾಕ್ಟರಿಗೆ ಕಟ್ಟಿ ಎಳೆದು ತಂದ ತಗಡಿನ ಡಬ್ಬ. ನೀನೂ ಅಪ್ಪನೂ ಸೇರಿ ಅದನ್ನು ಪೂರ್ತಿ ಬಿಚ್ಚಿ ಹಾಕಿದ್ದಿರಿ, ಜೋಡಿಸುವ ಹೊತ್ತಿಗೆ ನಿನ್ನ ರಜೆ ಮುಗಿದಿತ್ತು. ಆಮೇಲೆ ಹೊಟ್ಟೆಪಾಡಿನ ಟ್ರಾಕ್ಟರ್ ರಿಪೇರಿ ಕೆಲಸ ಮುಗಿಸಿ ಅಪ್ಪ ದಿನಾ ಎರಡು ಗಂಟೆ ಅದರ ಕೆಳಗೇ ಮಲಗಿರುತ್ತಿದ್ದ. ಹಿತ್ತಲ ಬೇವಿನ ಕೊಂಬೆಗೆ ಚೈನ್ ಕಪ್ಪಿ ಕಟ್ಟಿ ಇಂಜಿನ್ ಇಳಿಸಿದ. ವಾಲ್ವು ಉಜ್ಜುವ ಕೆಲಸ ನನ್ನದು. ಬಿ.ಕಾಂ. ಪರೀಕ್ಷೆಗೆ ಓದುತ್ತಲೇ ಎಂಟೂ ವಾಲ್ವು ಉಜ್ಜಿದೆ. ಗಾಡಿ ಉರುಳಿದರೂ ಒಳಗಿದ್ದವರು ಉಳಿಯಲಿ ಎಂದು ಗೇಟು ಮಾಡುವ ಜಯಣ್ಣ ದಪ್ಪ ಪೈಪು ಬಗ್ಗಿಸಿ ಪಂಜರ ಕಟ್ಟಿಕೊಟ್ಟ. ಹಿಂದಿನ ಸ್ಪ್ರಿಂಗ್ ಪಟ್ಟೆಗೆ ಇನ್ನೊಂದು ಎಲೆ ಸೇರಿತು, ಇಂಜಿನ್ನಿನ ಹೊಟ್ಟೆಗೆ ಕಲ್ಲು ಬಡಿಯದಂತೆ ನೇಗಿಲಿನ ಉಕ್ಕಿನ ತಗಡು ಬಂತು. ಹೊಸ ಕಾರ್ಬುರೇಟರಿಗೆ ಹೊಂದುವ ಆಕ್ಸಿಲರೇಟರ್ ಕೇಬಲ್ ಸಿಗಲಿಲ್ಲವೆಂದು ಸ್ಕೂಟರಿನದನ್ನೇ ಹಾಕಿದ. ಅದೊಂದೇ ಅಪ್ಪ ಮಾಡಿದ ತಪ್ಪು.

ಇದನ್ನು ಕಾರ್ ರ‍್ಯಾಲಿಯ ಪಂದ್ಯದಲ್ಲಿ ಓಡಿಸುತ್ತಾನೆ ಅಂತ ಗೊತ್ತಾಗಿ ಮಂದಿ ನಕ್ಕರು. ಗುಜರಿ ಗಾಡಿಗೆ ಯಾವ ರ‍್ಯಾಲಿ, ಅದೂ ಈ ವಯಸ್ಸಿಗೆ ಎಂದರು. ಅವ್ವ ಕೂಡ ಕೇಳಿದಳು. ಅಪ್ಪ ಕೈಯಲ್ಲಿನ ಗ್ರೀಸು ಒರೆಸಿಕೊಳ್ಳುತ್ತಾ, "ಇಪ್ಪತ್ತೆರಡು ವರ್ಷ ಲಾರಿನಾಗೆ ಮಂದಿ ಲೋಡು ಹೊತ್ತೀನಿ ಕಣೆ. ಒಂದ್ ಸಲ ಖಾಲಿ ಗಾಡಿ ಜೋರಾಗಿ ಹೊಡೀಬೇಕು" ಅಂದ. ಅವ್ವ ಮತ್ತೆ ಆ ಮಾತು ಎತ್ತಲಿಲ್ಲ.

ಎತ್ತಿದ್ದು ನನ್ನ ವಿಷಯಕ್ಕೆ. ದಾರಿಯ ತಿರುವುಗಳನ್ನೆಲ್ಲ ಚಿತ್ರ ಬರೆದು ಒಂದು ಪುಸ್ತಕ ಕೊಡುತ್ತಾರೆ. ಪಕ್ಕದಲ್ಲಿ ಕೂತವರು ಅದನ್ನು ಓದಿ ಓದಿ ಹೇಳಬೇಕು. ಅತ್ತೆ ಮಗ ಪಾಲಾಕ್ಷ ಆ ಕೆಲಸ ಒಪ್ಪಿಕೊಂಡಿದ್ದ. ವರವು ಕಾವಲಿನ ಕಡೆ ಮಣ್ಣುದಾರಿಯಲ್ಲಿ ಮೂರು ಸಲ ಅಭ್ಯಾಸಕ್ಕೆ ಹೋದರು. ಪುಸ್ತಕ ನೋಡುತ್ತಾ ಕುಲುಕಿ ಕುಲುಕಿ ಮೂರು ಸಲವೂ ಪಾಲಾಕ್ಷ ವಾಂತಿ ಮಾಡಿಕೊಂಡ. ಕೊನೆಗೆ ಕೈಮುಗಿದು, "ಮಾವ, ನನ್ನ ಬಿಟ್ಬಿಡು" ಅಂದ. ಉಳಿದವಳು ನಾನು. "ಹೆಣ್ಣುಡುಗಿ ಹೆಲ್ಮೆಟ್ ಹಾಕ್ಕಂಡು ಕುಂತ್ರೆ ನೋಡಾಕೆ ಬರೋರು ಏನಂತಾರೆ" ಎಂದು ಅವ್ವ ಎರಡು ದಿನ ನನ್ನ ಜೊತೆ ಮಾತು ಬಿಟ್ಟಳು. ಮೂರನೇ ದಿನ ನನ್ನ ಚೂಡಿದಾರದ ದುಪಟ್ಟಾ ಗೇರಿಗೆ ಸಿಕ್ಕಿಕೊಳ್ಳಬಾರದು ಎಂದು ತಾನೇ ಬಿಗಿಯಾಗಿ ಪಿನ್ನು ಹಾಕಿದಳು.

ಭಾನುವಾರ ಬೆಳಿಗ್ಗೆ ಚಿತ್ರದುರ್ಗದಿಂದ ಮೂವತ್ತೊಂದು ಗಾಡಿ ಹೊರಟವು. ಮೊಳಕಾಲ್ಮೂರಿನ ಹೈಸ್ಕೂಲ್ ಮೈದಾನದಲ್ಲಿ ಮುಕ್ತಾಯ. ಅಪ್ಪ ಹೇಗೆ ಓಡಿಸುತ್ತಾನೆ ಅನ್ನುವುದು ನಮಗ್ಯಾರಿಗೂ ಗೊತ್ತಿರಲಿಲ್ಲ ಅಣ್ಣ. ಲೋಡು ಲಾರಿಯಲ್ಲಿ ನಾವು ನೋಡಿದ್ದು ಬೇರೆ ಮನುಷ್ಯನನ್ನು. ನಾನು "ಎಡಕ್ಕೆ, ಕಡಿದಾದ ತಿರುವು" ಅನ್ನುವಷ್ಟರಲ್ಲಿ ಗಾಡಿಯ ಹಿಂಭಾಗ ಜಾರಿಕೊಂಡು ತಿರುಗಿರುತ್ತಿತ್ತು. ಮುಖದಲ್ಲಿ ಗಾಬರಿಯಿಲ್ಲ, ಅವಸರವಿಲ್ಲ. ಕೊನೆಯ ಹಂತಕ್ಕೆ ಮೊದಲು ಲೆಕ್ಕ ಹಾಕಿದಾಗ ನಮ್ಮಂಥ ಸಣ್ಣ ಇಂಜಿನ್ನಿನ ಗಾಡಿಗಳಲ್ಲಿ ನಾವೇ ಮುಂದೆ, ಎರಡನೆಯವರಿಗಿಂತ ನಾಲ್ಕು ನಿಮಿಷ ಕಡಿಮೆ.

ದೇವಸಮುದ್ರ ದಾಟಿ ಮಣ್ಣುದಾರಿಗೆ ಇಳಿದು ಒಂದು ಮೈಲಿ ಆಗಿತ್ತು. ಆ ಸ್ಕೂಟರ್ ಕೇಬಲ್ ಕಿತ್ತುಹೋಯಿತು. ಅಪ್ಪ ಎಷ್ಟು ತುಳಿದರೂ ಇಂಜಿನ್ ಗುರುಗುಟ್ಟುತ್ತಿದೆ, ಗಾಡಿ ಮುಂದಕ್ಕಿಲ್ಲ. ಬಾನೆಟ್ ಎತ್ತಿ ಅಪ್ಪ ಕಿತ್ತುಹೋದ ತುದಿಯನ್ನು ಬೆರಳಲ್ಲಿ ಹಿಡಿದು ನೋಡಿದ. ಅವನ ಮುಖ ನನ್ನಿಂದ ನೋಡಲಾಗಲಿಲ್ಲ. ಅಲ್ಲೇ ಕುರಿ ಮೇಯಿಸುತ್ತಿದ್ದ ಜುಂಜಮ್ಮ ಎಂಬ ಅಜ್ಜಿ ಬಂದು ಇಣುಕಿ, "ಏಮೈಂದಿ? ಏನಾಯ್ತಪ್ಪ?" ಅಂದಳು. ನನ್ನ ಕಣ್ಣಿಗೆ ಬಿದ್ದದ್ದು ಅವಳ ಹೆಗಲ ಮೇಲಿದ್ದ ಮರಿ ಕಟ್ಟುವ ಹಗ್ಗ. ಕೇಳಿದ್ದಕ್ಕೆ, "ತಗೊ ಮಗ, ಮರಿ ಎಲ್ಲಿಗೂ ಹೋಗಲ್ಲ" ಅಂದಳು. ಹಗ್ಗದ ಒಂದು ತುದಿಯನ್ನು ಕಾರ್ಬುರೇಟರಿನ ಕಡ್ಡಿಗೆ ಬಿಗಿದು, ಇನ್ನೊಂದು ತುದಿಯನ್ನು ಬಾನೆಟ್ಟಿನ ಸಂದಿಯಿಂದ ನನ್ನ ಕಿಟಕಿಯೊಳಕ್ಕೆ ತಂದೆವು. ನಾನು ಎಳೆದರೆ ಇಂಜಿನ್ ಏರುತ್ತದೆ, ಬಿಟ್ಟರೆ ಇಳಿಯುತ್ತದೆ. ಸ್ಟೇರಿಂಗು, ಗೇರು, ಬ್ರೇಕು ಅಪ್ಪನದು.

ಪುಸ್ತಕ ತೊಡೆಯ ಮೇಲೆ, ಹಗ್ಗ ಕೈಯಲ್ಲಿ. ಅಪ್ಪ "ಎಳಿ" ಅಂದಾಗ ಎಳೆದೆ, "ಬಿಡು" ಅಂದಾಗ ಬಿಟ್ಟೆ. ಸ್ವಲ್ಪ ದೂರ ಹೋದ ಮೇಲೆ ಅವನು ಹೇಳುವ ಮೊದಲೇ ನನ್ನ ಕೈಗೆ ತಿಳಿಯತೊಡಗಿತು. ಮುಂದೆ ಒಂದು ಒಣ ಹಳ್ಳ, ತುಂಬ ಉಸುಕು. ಇಳಿಯುತ್ತಿದ್ದಂತೆ ಗಾಡಿ ಅಡ್ಡಡ್ಡ ಜಾರಿತು. ಅಪ್ಪ "ಬಿಡು, ಬಿಡು" ಎಂದು ಕೂಗಿದ. ನಾನು ಬಿಡಲಿಲ್ಲ ಅಣ್ಣ. ಇನ್ನೂ ಜಗ್ಗಿದೆ. ಉಸುಕು ಗಾಜಿನ ಮೇಲೆಲ್ಲ ಎರಚಿತು, ಗಾಡಿ ಒದರಿಕೊಂಡು ಆಚೆ ದಡ ಹತ್ತಿತು. ಅಲ್ಲಿಂದ ಮುಂದೆ ಅಪ್ಪ ಎಳಿ ಅನ್ನಲೂ ಇಲ್ಲ, ಬಿಡು ಅನ್ನಲೂ ಇಲ್ಲ.

ಮೈದಾನದಲ್ಲಿ ಅವ್ವ ನಿಂತಿದ್ದಳು. ಸೀರೆ ನೋಡೋಕೆ ಅಂತ ಬಂದೆ ಎಂದು ಪಾಲಾಕ್ಷನ ಜೊತೆ ಬಸ್ಸು ಹತ್ತಿ ಬಂದಿದ್ದಾಳೆ! ನನ್ನ ಕೈಯ ಹಗ್ಗ ನೋಡಿ, "ಇದೇನೇ, ಟಗರು ಹಿಡಕಂಡು ಬಂದಂಗೆ ಬಂದೀಯ" ಅಂದಳು. ಅರ್ಧ ಗಂಟೆ ಬಿಟ್ಟು ಮೈಕಿನಲ್ಲಿ ಹೇಳಿದರು: ನಮ್ಮ ವಿಭಾಗಕ್ಕೆ ಮೊದಲನೆಯವರು ಇಪ್ಪತ್ತಮೂರನೇ ನಂಬರಿನ ಗಾಡಿ, ಚಳ್ಳಕೆರೆಯ ಸೂರಪ್ಪ ಮತ್ತು ಪವಿತ್ರ. ಹತ್ತೊಂಬತ್ತು ಸೆಕೆಂಡಿನಲ್ಲಿ ಗೆದ್ದೆವು. ಹೊರಟ ಮೂವತ್ತೊಂದರಲ್ಲಿ ಮುಟ್ಟಿದ್ದೇ ಹದಿನಾಲ್ಕು. ಹೊಸ ಗಾಡಿಯ ಹುಡುಗರು ಬಂದು ನಮ್ಮ ಬಾನೆಟ್ಟು ತೆಗೆಸಿ ನೋಡಿದರು. ಅಪ್ಪ ಬಹುಮಾನದ ಕಪ್ಪು ಹಿಡಿದುಕೊಂಡು ಅವರಿಗೆಲ್ಲ ಒಂದೇ ಮಾತು ಹೇಳಿದ: "ನಾನು ಬಿಡು ಅಂದಾಗ ಇವಳು ಬಿಟ್ಟಿದ್ರೆ ಇಷ್ಟೊತ್ತಿಗೆ ಉಸುಕಿನಾಗೆ ಕುಂತಿರ್ತಿದ್ವಿ." ನನಗೆ ಅಳು ಬಂತು. ತೆಗೆದಿದ್ದ ಹೆಲ್ಮೆಟ್ಟನ್ನು ಮತ್ತೆ ಹಾಕಿಕೊಂಡೆ.

ಅವ್ವನೂ ಅಪ್ಪನೂ ನಿನಗೆ ಒಳ್ಳೆಯದಾಗಲಿ ಎಂದು ಹರಸಿದ್ದಾರೆ. ನಿನ್ನ ವರ್ಕ್‌ಷಾಪಿನ ಗೆಳೆಯರಿಗೆ ನಮ್ಮ ಗಾಡಿಯ ಕಥೆ ಹೇಳು, ನಂಬದಿದ್ದರೆ ಫೋಟೋ ಕಳಿಸುತ್ತೇನೆ. ಹೊತ್ತಿಗೆ ಸರಿಯಾಗಿ ಉಣ್ಣು.

ನಿನ್ನ ತಂಗಿ,
ಪವಿತ್ರ

ವಿ.ಸೂ.: ಟಪಾಲು ಹೊರಡುವ ಹೊತ್ತಾಯಿತು, ಬೇಗ ಬರೆಯುತ್ತೇನೆ. ಫೆಬ್ರವರಿಯಲ್ಲಿ ಎರಡು ದಿನದ ರ‍್ಯಾಲಿ ಇದೆ. ಅದರ ಅರ್ಜಿಯಲ್ಲಿ ಗಾಡಿ ಓಡಿಸುವವರು ಎಂಬಲ್ಲಿ ಅಪ್ಪ ನಿನ್ನೆ ನನ್ನ ಹೆಸರು ಬರೆದ, ಪಕ್ಕದಲ್ಲಿ ಕೂರುವವರು ಎಂಬಲ್ಲಿ ತನ್ನದು. ಅವ್ವನಿಗೆ ಇನ್ನೂ ಗೊತ್ತಿಲ್ಲ. ನಿನ್ನ ಮಾತಾದರೆ ಅವಳು ಕೇಳುತ್ತಾಳೆ, ಈ ತಿಂಗಳೊಳಗೆ ಅವಳ ಹೆಸರಿಗೆ ಒಂದು ಕಾಗದ ಹಾಕು. ಬೇಡ ಅನ್ನುವ ಮನಸ್ಸಿದ್ದರೂ ಹಾಕು. ಅವ್ವನಿಗೆ ಓದಿ ಹೇಳುವವಳು ನಾನೇ.