ಶೆಟರಿನ ಮೇಲಿನ ವಾಕ್ಯ

ಮಾರ್ಚ್ ೧೪

ಪ್ರೀತಿಯ ಅಕ್ಕನಿಗೆ,

ನಿನ್ನ ಎರಡು ಪತ್ರ ಬಂದರೂ ಉತ್ತರಿಸದೆ ಕೂತಿದ್ದಕ್ಕೆ ಬೈಯಬೇಡ. ‘ನಾನು ಕ್ಷೇಮ’ ಎಂದು ಒಂದು ಸಾಲು ಗೀಚಬಹುದಿತ್ತು. ಸುಳ್ಳು ಬರೆಯಲು ಕೈ ಏಳಲಿಲ್ಲ. ಭಾವನ ಮಂಡಿನೋವು ಹೇಗಿದೆ? ಕೂತಲ್ಲೇ ಬೇರು ಬಿಡಬೇಡಿ, ನಾಲ್ಕು ಹೆಜ್ಜೆ ನಡೆಯಿರಿ ಅಂತ ನಾನೇ ಹೇಳಿದೆನೆಂದು ಹೇಳು.

ಶಾಲೆ ಹೇಗೆ ನಡೆದಿದೆ ಎಂದು ನೀನು ಕೇಳಿದ್ದೆ. ಶಾಲೆ ಎಂದರೆ ಹಳೆಯ ಬಸ್ ಡಿಪೋದ ಟೈರು ಕೋಣೆ. ರಬ್ಬರಿನ ವಾಸನೆ ಇನ್ನೂ ಹೋಗಿಲ್ಲ. ಗಲಭೆಯ ವರ್ಷಗಳಲ್ಲಿ ಓದು ತಪ್ಪಿ, ಪ್ರಾಯಕ್ಕೆ ಬಂದರೂ ಅಕ್ಷರ ಬಾರದೆ ಉಳಿದ ಹುಡುಗರು, ಹುಡುಗಿಯರು. ರೈಲು ಹಳಿಯ ಈಚೆಯವರು ಕಿಟಕಿ ಪಕ್ಕ, ಆಚೆಯವರು ಬಾಗಿಲ ಪಕ್ಕ. ಮೊದಮೊದಲು ಒಬ್ಬರ ಮುಖ ಒಬ್ಬರು ನೋಡುತ್ತಿರಲಿಲ್ಲ. ಒಮ್ಮೆ ಎರಡೂ ಕಡೆಯ ಒಬ್ಬೊಬ್ಬರು ಒಂದೇ ಡಸ್ಟರಿಗೆ ಕೈ ಹಾಕಿ, ಎಳೆದಾಡಿ, ಇಬ್ಬರ ಮೂಗಿಗೂ ಸೀಮೆಸುಣ್ಣ ಮೆತ್ತಿ, ಇಡೀ ಕೋಣೆ ನಕ್ಕುಬಿಟ್ಟಿತು. ಗೆದ್ದೆ ಎಂದುಕೊಂಡೆ, ಹುಚ್ಚಿ ನಾನು.

“ಹೊಡೆಯೋಕೆ ಕೈ ಎತ್ತಬೇಕು ಅನ್ನಿಸಿದಾಗ ಬರೀರಿ, ಒಳಗಿರೋದು ಹೊರಗೆ ಬರಲಿ.” ದಿನವೂ ಇದೇ ನನ್ನ ಪಾಠ.

ಹಳಿಯ ಈಚೆ ಉಳಿದಿದ್ದ ಆಚೆಯವರ ಅಂಗಡಿ ಒಂದೇ, ಟೈಲರನದು. ಅವನ ಮಗಳೂ ನನ್ನ ಬಳಿ ಕಲಿಯುತ್ತಿದ್ದಳು. ಕಳೆದ ವಾರ ಬೆಳಿಗ್ಗೆ ಆ ಅಂಗಡಿಯ ಶೆಟರಿನ ಮೇಲೆ ಕೆಂಪು ಬಣ್ಣದಲ್ಲಿ ಬರೆದಿತ್ತು: ‘ಊರು ಬಿಡಿ. ಇಲದಿದರೆ ಸುಡುತೇವೆ.’

ಒಂದೂ ಒತ್ತಕ್ಷರವಿಲ್ಲ. ತರಗತಿಯಲ್ಲಿ ಹಾಗೆ ಒತ್ತು ನುಂಗುವವನು ಒಬ್ಬನೇ: ವೆಲ್ಡಿಂಗ್ ಹುಡುಗ, ಈಚೆಯವನು, ಗಲಭೆಯಲ್ಲಿ ಅಪ್ಪನನ್ನು ಕಣ್ಣೆದುರೇ ಕಳೆದುಕೊಂಡವನು. ಕರೆದು ಕೇಳಿದೆ. ಅವನು ಅಲ್ಲಗಳೆಯಲಿಲ್ಲ.

“ಹೊಡೀಬೇಡ, ಬರಿ ಅಂದ್ರಿ. ಬರ್ದೆ.”

“ಇದನ್ನೇನೋ ನಾನು ಕಲಿಸಿದ್ದು?”

“ಮತ್ತೆ ಇನ್ನೇನು ಬರೀಲಿ ಟೀಚರ್? ನನ್ನೊಳಗೆ ಇರೋದೇ ಅದು.”

ಅವನು ಅಳುತ್ತಿದ್ದ, ಅಕ್ಕ; ಅದನ್ನೂ ಹೇಳಬೇಕು. ಥಿನ್ನರ್ ತಂದು ಇಬ್ಬರೂ ಸೇರಿ ಒರೆಸಿದೆವು. ಅಷ್ಟರಲ್ಲಿ ಊರೆಲ್ಲ ಓದಿಯಾಗಿತ್ತು.

ಮರುದಿನದಿಂದ ಬಾಗಿಲ ಪಕ್ಕದ ಬೆಂಚುಗಳು ಖಾಲಿ. ನಿನ್ನೆ ಟೈಲರನ ಮಗಳು ಮಾತ್ರ ಬಂದಳು, ಸ್ಲೇಟು ವಾಪಸು ಕೊಡಲು. ಹೊರಗೆ ಲಾರಿ ನಿಂತಿತ್ತು; ಮೇಲೆ ಹೊಲಿಗೆ ಮಷೀನು, ಹಾಸಿಗೆ, ಅವುಗಳ ನಡುವೆ ಅವಳ ಅಜ್ಜಿ.

“ಅವತ್ತು ಶೆಟರ್ ತೆಗೆಯೋಕೆ ನಾನೂ ಹೋಗಿದ್ದೆ ಟೀಚರ್. ಅಪ್ಪಂಗೆ ಓದೋಕೆ ಬರಲ್ಲ, ಯಾವುದೋ ಜಾಹೀರಾತು ಅಂದ್ರು. ನಾನೇ ಓದಿ ಹೇಳ್ದೆ. ಯಾರನ್ನೂ ಕೇಳಲಿಲ್ಲ. ಇಡೀ ವಾಕ್ಯ ಓದಿದ್ದು ಅದೇ ಮೊದಲು.” ಸ್ಲೇಟು ಮೇಜಿನ ಮೇಲಿಟ್ಟು ಅಂದಳು: “ಒತ್ತು ಇರಲಿಲ್ಲ. ಆದ್ರೂ ಅರ್ಥ ಆಯ್ತು.”

ಶಭಾಷ್ ಎನ್ನಲೋ, ಕಾಲು ಹಿಡಿಯಲೋ ತಿಳಿಯದೆ ನಿಂತೆ. ಲಾರಿ ಹಾರ್ನ್ ಹೊಡೆಯಿತು. ಹೋದಳು.

ನಾಳೆ ಮತ್ತೆ ಬಾಗಿಲು ತೆಗೆಯಬೇಕು. ಅರ್ಧ ಕೋಣೆಗೆ ಯಾರೊಂದಿಗೆ ಕೂಡಿ ಬಾಳುವುದನ್ನು ಕಲಿಸಲಿ? ಒಂದೇ ಕೈಯಲ್ಲಿ ಚಪ್ಪಾಳೆ ಆಗುತ್ತದೆಯೇ?

ನಿನಗೂ ಭಾವನಿಗೂ ನಮಸ್ಕಾರ. ಮಕ್ಕಳು ನೂರು ಕಾಲ ತಣ್ಣಗಿರಲಿ.

ನಿನ್ನ ತಂಗಿ

ತಾ.ಕ.: ಇದನ್ನು ಮೇಲೆ ಬರೆಯಲಾಗಲಿಲ್ಲ. ಆಚೆಯವರು ನನ್ನ ಮಗನನ್ನು ಕೊಂದ ಮೇಲೂ ನನಗೆ ಯಾರ ಮೇಲೂ ಹಗೆಯಿಲ್ಲ ಎಂದು ನಿನಗೆ ಹೇಳಿದೆ, ಊರಿಗೆಲ್ಲ ಹೇಳಿದೆ. ಆ ಮಾತು ನಂಬಿಯೇ ಈ ಕೆಲಸ ಕೊಟ್ಟರು. ಆದರೆ ಅಂದು ಶೆಟರ್ ಓದಿದಾಗ, ಯಾರ ಕೈ ಎಂದು ಗುರುತಾಗುವ ಮೊದಲು, ನನಗೆ ಹಾಯೆನಿಸಿತು ಅಕ್ಕ. ಬಿಸಿಲಲ್ಲಿ ನಡೆದು ಬಂದವಳಿಗೆ ನೀರು ಸಿಕ್ಕ ಹಾಗೆ.